ಬಾಲವಿಲ್ಲದ ಚೇಳು

ಪ್ರಶ್ನೆ: ಹಳೆಯ ಪುಸ್ತಕ ತೆರೆದಾಗ ಅಕ್ಕಿಕಾಳಿಗಿಂತ ಸಣ್ಣ ಚೇಳೊಂದು ಇಕ್ಕಳ ಚಾಚಿಕೊಂಡು ಹರಿದಾಡಿತು. ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗಳಿದ್ದಾಳೆ. ಇದು ಮರಿಯಾದರೆ ತಾಯಿಚೇಳೂ ಇಲ್ಲೇ ಇರಬೇಕಲ್ಲವೇ?
– ಓದುಗರೊಬ್ಬರು, ನಂಜನಗೂಡು

ಉತ್ತರ: ಮರಿ ಕಂಡರೆ ತಾಯಿಯೂ ಇದ್ದೀತು ಎಂಬುದು ನಿಮ್ಮ ಆತಂಕ. ಪುಟ್ಟ ಮಗುವಿರುವ ಮನೆಯಲ್ಲಿ ಎದೆ ಝಲ್ಲೆನ್ನುವುದು ಸಹಜವೇ. ಸಮಾಧಾನ ಮಾಡಿಕೊಳ್ಳಿ. ನಿಮ್ಮ ವಿವರಣೆ ನೋಡಿದರೆ ಅದು ಹುಸಿಚೇಳು (ಚೇಳನ್ನು ಹೋಲುವ, ಬಾಲವಿಲ್ಲದ ಎಂಟು ಕಾಲಿನ ಜೀವಿ).

ಭೂತಗನ್ನಡಿ ಹಿಡಿದು ಅದರ ಹಿಂಭಾಗ ನೋಡಿ. ಚೇಳಿನ ಮರಿಗೆ ಎಷ್ಟೇ ಚಿಕ್ಕದಾದರೂ ಬಾಲ, ಕೊಂಡಿ ಇರುತ್ತವೆ. ಹುಸಿಚೇಳಿನ ಹೊಟ್ಟೆ ದುಂಡಗೆ ಮುಗಿದುಬಿಡುತ್ತದೆ. ಕಡ್ಡಿ ತಾಗಿಸಿದರೆ ಸರ್ರನೆ ಹಿಂದಕ್ಕೆ ಓಡುತ್ತದೆ. ಇದರ ವಿಷ ಇಕ್ಕಳದಲ್ಲಿದೆ. ಪುಸ್ತಕದ ಹೇನು, ನುಸಿಗಳನ್ನು ಹಿಡಿಯಲಷ್ಟೇ ಅದು ಸಾಕು, ಮನುಷ್ಯರಿಗೆ ಏನೂ ಆಗದು.

ರಾಬರ್ಟ್ ಹುಕ್ ಎಂಬ ವಿಜ್ಞಾನಿ ಓದುತ್ತಿದ್ದ ಪುಸ್ತಕದ ಮೇಲೂ ಇಂಥದ್ದೇ ಒಂದು ಹರಿದಿತ್ತು. ಏಡಿಯಂತಿದೆಯಲ್ಲ ಎಂದು ಬೆರಗಾಗಿ ಅವರು ಅದರ ಚಿತ್ರವನ್ನೇ ಬರೆದು 1665ರಲ್ಲಿ ಪ್ರಕಟಿಸಿದರು.

ಹುಸಿಚೇಳು ಹಿಡಿದು ತಿನ್ನುವ ಪುಸ್ತಕದ ಹೇನು ಹೆಚ್ಚುವುದು ತೇವದಿಂದ. ಕಪಿಲೆ ತುಂಬಿ ಹರಿಯುವ ದಿನಗಳಲ್ಲಿ ನಿಮ್ಮೂರಿನ ತಗ್ಗಿನ ಮನೆಗಳ ಗೋಡೆ ಒಣಗುವುದು ನಿಧಾನ. ಪುಸ್ತಕಗಳನ್ನು ನೆರಳಲ್ಲಿ ಗಾಳಿಗೆ ಹರಡಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಸರಿಸಿಡಿ. ಆದರೆ ಬಾಲವಿರುವ ಚೇಳು ಮಗುವನ್ನು ಕುಟುಕಿದರೆ ಮನೆಮದ್ದಿಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ತೋಟದ ತುಡುವೆ ಜೇನುಪೆಟ್ಟಿಗೆಯಲ್ಲಿ ಒಂದು ಜೇನ್ನೊಣದ ಕಾಲಿಗೆ ಚಿಕ್ಕ ಚೇಳು ಜೋತುಬಿದ್ದಿತ್ತು. ಕುಟುಂಬವೇ ನಾಶವಾದೀತೇ? ಔಷಧಿ ಹೊಡೆಯಲೇ?
– ಜೇನು ಸಾಕುವವರು, ತಿರುಮಕೂಡಲು ನರಸೀಪುರ

ಉತ್ತರ: ಸಾಕಿದ ಜೇನು ಹಾಳಾದೀತೆಂಬ ಭಯ ನಿಮ್ಮದು. ಔಷಧಿ ಖಂಡಿತ ಬೇಡ, ಅದು ಮೊದಲು ಕೊಲ್ಲುವುದು ಜೇನನ್ನೇ.

ಇದೂ ಹುಸಿಚೇಳೇ ಇರಬೇಕು. ಮನೆಯ ಪುಸ್ತಕಗಳಲ್ಲಿ ಸಿಗುವ ಹುಸಿಚೇಳಿನದೂ ಜೇನುಗೂಡಿನದೂ ಚೆಲಿಫೆರಿಡೇ (ಹುಸಿಚೇಳುಗಳ ಒಂದು ಕುಟುಂಬ) ಎಂಬ ಒಂದೇ ಮನೆತನ. ನಮ್ಮ ದೇಶದ ತುಡುವೆ ಗೂಡುಗಳಲ್ಲಿರುವ ಎಲಿಂಗ್ಸೇನಿಯಸ್ ಇಂಡಿಕಸ್ ಎಂಬ ಜಾತಿಗೆ 1932ರಲ್ಲೇ ಹೆಸರಿಟ್ಟಿದ್ದಾರೆ. ರೆಕ್ಕೆಯಿಲ್ಲದ ಈ ಜೀವಿ ಗೂಡಿನಿಂದ ಗೂಡಿಗೆ ಹೋಗಲು ಜೇನ್ನೊಣದ ಕಾಲನ್ನು ಇಕ್ಕಳದಲ್ಲಿ ಹಿಡಿದು ಸವಾರಿ ಮಾಡುತ್ತದೆ (ಇದಕ್ಕೆ ಫೋರೆಸಿ ಎನ್ನುತ್ತಾರೆ). ರಕ್ತ ಹೀರಲು ಹಿಡಿದದ್ದಲ್ಲ.

ಗೂಡಿಗೆ ನಿಜವಾದ ಅಪಾಯ ಮೇಣದ ಪತಂಗದಿಂದ, ನಿಮ್ಮ ಗಮನ ಅದರ ಮೇಲಿರಲಿ. ಎರಿಗಳಲ್ಲಿ (ಮೇಣದ ಹಲ್ಲೆಗಳಲ್ಲಿ) ಬಲೆಯಂಥ ಎಳೆ ಕಂಡರೆ ಆ ಭಾಗ ಕತ್ತರಿಸಿ ಸುಟ್ಟುಬಿಡಿ. ಅಡಿಹಲಗೆಯ ಕಸವನ್ನು ವಾರಕ್ಕೊಮ್ಮೆ ಕೆರೆದು ತೆಗೆಯಿರಿ.