ಕೈ ಕಟ್ಟಿಕೊಂಡು ಕಲಿಯುವ ವಾರಗಳು: ವಡಪಳನಿಗೆ ಹೊರಟ ವೈದ್ಯ ವಿದ್ಯಾರ್ಥಿಗೆ

ಲಂಡನ್‌ನಲ್ಲೋ ಮೆಲ್ಬರ್ನ್‌ನಲ್ಲೋ ವೈದ್ಯಕೀಯ ಓದುತ್ತಿರುವ ಕನ್ನಡದ ಮಕ್ಕಳು ಎಲೆಕ್ಟಿವ್ ಅವಧಿಗೆ ಭಾರತದ ಆಸ್ಪತ್ರೆ ಹುಡುಕುವಾಗ ಹಲವರ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಇರುತ್ತದೆ: ಅಲ್ಲಿ ಮುಟ್ಟಲು ಬಿಡದ್ದನ್ನು ಇಲ್ಲಿ ಮಾಡಲು ಬಿಡುತ್ತಾರೆ. ಈ ಲೆಕ್ಕ ಕಾನೂನಿಗೂ ಹೊಂದುವುದಿಲ್ಲ, ಕಲಿಕೆಗೂ ಹೊಂದುವುದಿಲ್ಲ. ಚೆನ್ನೈನ ವಡಪಳನಿಯಂಥ ಕಡೆಗೆ ವೀಕ್ಷಕರಾಗಿ ಬನ್ನಿ. ಅಲ್ಲಿ ಸಿಗುವ ಪಾಠ ಕಣ್ಣು ಕಿವಿಗಳದ್ದು. ಅದನ್ನು ಮೊದಲೇ ಒಪ್ಪಿಕೊಂಡವರಿಗೆ ಆಸ್ಪತ್ರೆಯ ಆಯ್ಕೆ, ಕಾಗದಪತ್ರ, ವಸತಿ ಎಲ್ಲವೂ ಸುಲಭವಾಗುತ್ತದೆ.

ಕಾಗದಪತ್ರದಿಂದಲೇ ಶುರುಮಾಡೋಣ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನ ಪ್ರಕಾರ, ನೋಂದಣಿ ಇಲ್ಲದೆ ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಓಸಿಐ ಕಾರ್ಡ್ ಇದ್ದವರಿಗೆ ವೀಸಾದ ಗೊಡವೆ ಇಲ್ಲ ನಿಜ. ಆದರೆ ಆ ಕಾರ್ಡು ವೈದ್ಯ ಪರವಾನಗಿ ಅಲ್ಲ. ವಿದೇಶಿ ಪಾಸ್‌ಪೋರ್ಟ್ ಮಾತ್ರ ಇರುವವರು ಆಸ್ಪತ್ರೆಯ ಆಹ್ವಾನಪತ್ರ ತೋರಿಸಿ, ಯಾವ ವೀಸಾ ಬೇಕೆಂದು ಭಾರತದ ದೂತಾವಾಸದಿಂದ ಬರಹದಲ್ಲೇ ಉತ್ತರ ಪಡೆಯಲಿ. ಜಾರ್ಜಿಯಾ, ರಷ್ಯಾ, ಫಿಲಿಪ್ಪೀನ್ಸ್‌ಗಳಲ್ಲಿ ಓದಿ ಭಾರತದಲ್ಲೇ ವೃತ್ತಿ ಮಾಡಬೇಕೆಂದಿರುವವರು ಇನ್ನೂ ಎಚ್ಚರದಿಂದಿರಬೇಕು. 2021ರ ನವೆಂಬರ್ 18ರಂದು ಜಾರಿಗೆ ಬಂದ ನಿಯಮದಂತೆ ಇಡೀ ಕೋರ್ಸು, ತರಬೇತಿ ಮತ್ತು 12 ತಿಂಗಳ ಇಂಟರ್ನ್‌ಶಿಪ್ಪು ಅದೇ ವಿದೇಶಿ ಸಂಸ್ಥೆಯಲ್ಲಿ ಮುಗಿಯಬೇಕು. ರಜೆಯಲ್ಲಿ ಬಂದು ಚೆನ್ನೈನಲ್ಲಿ ಕಳೆದ ವಾರಗಳು ಅರಿವಿಗೆ ಒದಗುತ್ತವೆ, ಅರ್ಹತೆಯ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ವಡಪಳನಿಯೇ ಏಕೆ? ರೋಗಿಗಳ ದಟ್ಟಣೆ, ಅಪರೂಪದ ರೋಗಲಕ್ಷಣ ಬೇಕೆನ್ನುವವರಿಗೆ ಸೆಂಟ್ರಲ್ ನಿಲ್ದಾಣದ ಎದುರಿನ ಸರ್ಕಾರಿ ಜನರಲ್ ಆಸ್ಪತ್ರೆಯೇ ಸರಿ ಎಂಬ ಆಕ್ಷೇಪ ನ್ಯಾಯವಾದದ್ದು. 1664ರಲ್ಲಿ ಕೋಟೆಯೊಳಗೆ ಹುಟ್ಟಿದ ಆ ಸಂಸ್ಥೆಗೆ ಸಾಟಿ ಕಡಿಮೆ. ಆದರೆ ಭಾರತದ ಮಧ್ಯಮವರ್ಗ ಇಂದು ಚಿಕಿತ್ಸೆ ಪಡೆಯುವುದು ಹೆಚ್ಚಾಗಿ ಖಾಸಗಿ ಆಸ್ಪತ್ರೆಗಳಲ್ಲಿ, ಅದರ ಒಳಹೊರಗು ತಿಳಿಯಲು ವಡಪಳನಿ ಒಳ್ಳೆಯ ಜಾಗ. ಇಲ್ಲಿನ ವಿಜಯಾ ಆಸ್ಪತ್ರೆಯನ್ನು 1972ರಲ್ಲಿ ಕಟ್ಟಿದವರು ವಿಜಯಾ-ವಾಹಿನಿ ಸ್ಟುಡಿಯೋದ ಬಿ. ನಾಗಿರೆಡ್ಡಿ, ಕನ್ನಡದ 'ಮದುವೆ ಮಾಡಿ ನೋಡು' ಚಿತ್ರ ತೆಗೆದದ್ದೂ ಅವರ ಸಂಸ್ಥೆಯೇ. ಸಿನಿಮಾ ದುಡ್ಡು ಟ್ರಸ್ಟ್ ಆಸ್ಪತ್ರೆಯಾದದ್ದು ಒಂದು ಕಾಲ. ನೂರಡಿ ರಸ್ತೆಯ ಮೆಟ್ರೋ ಪಕ್ಕದಲ್ಲಿ ಎಸ್‌ಆರ್‌ಎಂ ಬಳಗದ ಸಿಮ್ಸ್ ಎದ್ದುನಿಂತದ್ದು, ಆರ್ಕಾಟ್ ರಸ್ತೆಗೆ ಕಾವೇರಿ ಆಸ್ಪತ್ರೆಯ ಶಾಖೆ ಬಂದದ್ದು ಇನ್ನೊಂದು ಕಾಲ. ನಡೆದು ಮುಗಿಸಬಹುದಾದ ದೂರದಲ್ಲಿ ಎರಡೂ ಕಾಲ ಕಾಣಸಿಗುತ್ತವೆ.

ನಿಂತು ನೋಡುವುದಕ್ಕೆ ಅಷ್ಟು ದೂರ, ಅಷ್ಟು ಖರ್ಚು ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರವಾಗಿ ಅಂಗದಾನದ ಒಂದೇ ಉದಾಹರಣೆ ಸಾಕು. 2008ರಲ್ಲಿ ಹಿತೇಂದ್ರನ್ ಎಂಬ ಹುಡುಗನ ಅಂಗಗಳನ್ನು ವೈದ್ಯರೇ ಆದ ಅವನ ತಂದೆತಾಯಿ ದಾನ ಮಾಡಿದ ಮೇಲೆ ತಮಿಳುನಾಡಿನಲ್ಲಿ ಈ ಕೆಲಸಕ್ಕೆ ವೇಗ ಬಂತು. ಇಂದು ಹಂಚಿಕೆಯ ಸರದಿಯನ್ನು ರಾಜ್ಯದ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಮಿದುಳು ಸತ್ತಿದೆ ಎಂದು ಸಾರಬೇಕಾದರೆ ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. ಪಾಪೆಗೆ ಬೆಳಕು ಬಿಡುತ್ತಾರೆ, ವೆಂಟಿಲೇಟರ್ ಕಳಚಿ ರೋಗಿ ತಾನಾಗಿ ಉಸಿರೆಳೆಯುತ್ತಾನೋ ಎಂದು ಕಾಯುತ್ತಾರೆ. ಆ ಎರಡು ಪರೀಕ್ಷೆಗಳ ನಡುವೆ ಮನೆಯವರ ಜೊತೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಯಾವ ಪುಸ್ತಕವೂ ಕಲಿಸದು. ಹೊಲಿಗೆ ಹಾಕುವುದನ್ನು ನಿಮ್ಮ ಊರಿನಲ್ಲೇ ಕಲಿಯಬಹುದು. ವಿಮೆ ಮೇಜಿನ ಮುಂದೆ ಅಡ್ವಾನ್ಸ್ ಹಣಕ್ಕೆ ಪರದಾಡುವ ಕುಟುಂಬಕ್ಕೆ ವೈದ್ಯರು ಚಿಕಿತ್ಸೆಯ ಆಯ್ಕೆಗಳನ್ನು ಹೇಗೆ ವಿವರಿಸುತ್ತಾರೆ ಎಂಬುದು ಇಲ್ಲೇ ಕಾಣಬೇಕಾದದ್ದು. ಆದ್ದರಿಂದ ಅರ್ಜಿ ಹಾಕುವಾಗ ಹತ್ತು ವಿಭಾಗಗಳನ್ನು ಬರೆಯದೆ ಒಂದನ್ನೇ ಆರಿಸಿ. ಒಬ್ಬ ರೋಗಿಯನ್ನು ದಾಖಲಾತಿಯಿಂದ ಡಿಸ್ಚಾರ್ಜ್‌ವರೆಗೆ ಹಿಂಬಾಲಿಸಲು ಅನುಮತಿ ಕೇಳಿ.

ಇಷ್ಟಕ್ಕೆ ಭಾಷೆ ಬೇಕು. ವೈದ್ಯರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ರೋಗಿಗಳು ತಮಿಳಿನಲ್ಲಿ. ಕಾಯ್ಚಲ್ ಎಂದರೆ ಜ್ವರ, ನೆಂಜು ವಲಿ ಎಂದರೆ ಎದೆನೋವು, ಮಯಕ್ಕಂ ಎಂದರೆ ತಲೆಸುತ್ತು ಎಂಬಷ್ಟನ್ನಾದರೂ ಬರುವ ಮೊದಲೇ ಕಲಿತಿರಿ. ಸೆಂಟ್ರಲ್‌ನಲ್ಲಿ ರೈಲಿಳಿದರೆ ಮೆಟ್ರೋದ ಹಸಿರು ಮಾರ್ಗ ನೇರ ವಡಪಳನಿಗೆ ತರುತ್ತದೆ. ವಿಮಾನ ನಿಲ್ದಾಣದಿಂದಾದರೆ ಆಲಂದೂರಿನಲ್ಲಿ ಬದಲಿಸಬೇಕಾಗಬಹುದು. ಬೆಳಗಿನ ರೌಂಡ್ಸ್ ಬೇಗ ಶುರುವಾಗುವುದರಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಪೀಜಿ ಅಥವಾ ಹಾಸ್ಟೆಲ್ ಹಿಡಿಯಿರಿ. ತೈಪೂಸಂ, ಪಂಗುನಿ ಉತ್ತಿರದ ದಿನಗಳಲ್ಲಿ ವಡಪಳನಿಯ ಮುರುಗನ್ ಗುಡಿಯ ಸುತ್ತ ಕಾಲಿಡಲೂ ಜಾಗವಿರದು. ಮೇ ತಿಂಗಳ ಬಿಸಿಲನ್ನೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯನ್ನೂ ತಪ್ಪಿಸಿ, ಜನವರಿ, ಫೆಬ್ರುವರಿಯಲ್ಲಿ ಬರುವುದು ಮೇಲು.

ಹೆಪಟೈಟಿಸ್ ಬಿ ಲಸಿಕೆ ಮುಗಿಸಿ, ಅದು ಹಿಡಿದಿದೆಯೇ ಎಂಬ ರಕ್ತಪರೀಕ್ಷೆಯ ವರದಿ ಜೊತೆಗಿಟ್ಟುಕೊಳ್ಳಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಕಾಲು ಭಾಗದಷ್ಟು ಭಾರತದವರು. ಎನ್‌95 ಮಾಸ್ಕ್ ಇಲ್ಲದೆ ಎದೆರೋಗದ ವಾರ್ಡಿಗೆ ಹೋಗಬೇಡಿ. ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುಮಾಡಬೇಕು. ಅದಕ್ಕೆ ಯಾರನ್ನು ಕಾಣಬೇಕೆಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ರೋಗಿಯ ಫೋಟೋ ಬೇಡ, ಮುಖ ಮುಚ್ಚಿದ್ದರೂ ಬೇಡ. ಯಾರಾದರೂ ಉದಾರವಾಗಿ "ನೀವೇ ಮಾಡಿ ನೋಡಿ" ಎಂದರೆ, ನಿಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಅದಕ್ಕೆ ಒಪ್ಪಿಗೆ ಇರುತ್ತಿತ್ತೇ ಎಂದು ಕೇಳಿಕೊಳ್ಳಿ. ಇರುತ್ತಿರಲಿಲ್ಲ ಎಂದಾದರೆ ಇಲ್ಲೂ ಬೇಡವೆನ್ನಿ. ವಡಪಳನಿಯ ರೋಗಿಯ ಮೈ ನಿಮ್ಮೂರಿನ ರೋಗಿಯ ಮೈಗಿಂತ ಅಗ್ಗವಲ್ಲ.