ಜೋಡಿ ಕ್ಯಾಮರಾಗಳೂ ಸಮನಾದ ಮಸೂರಗಳೂ



ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರುಗಳ ಅಂತರವುಂಟು. ಆದಕಾರಣ ಅವು ಒಂದೇ ವಸ್ತುವನ್ನು ತುಸು ಬೇರೆಬೇರೆಯಾಗಿ ಕಾಣುವುವು. ಆ ಎರಡು ನೋಟಗಳು ಮನಸ್ಸಿನಲ್ಲಿ ಒಂದುಗೂಡುವುದರಿಂದ ವಸ್ತುವಿನ ಆಳವೂ ಉಬ್ಬುತಗ್ಗುಗಳೂ ಸ್ಪಷ್ಟವಾಗುವುವು. ಈ ತತ್ತ್ವವನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿದ್ವಾಂಸರು 1838ರಲ್ಲಿ ಪ್ರಕಟಿಸಿ, ಎರಡು ಕಣ್ಣುಗಳಿಗೂ ಬೇರೆಬೇರೆ ಚಿತ್ರಗಳನ್ನು ತೋರಿಸುವ ಸ್ಟೀರಿಯೋಸ್ಕೋಪ್ ಎಂಬ ಯಂತ್ರವನ್ನು ವಿವರಿಸಿದರು.

ಇಂಥ ಜೋಡಿಚಿತ್ರವನ್ನು ತೆಗೆಯಬೇಕೆಂದು ನಮ್ಮ ಮೇಲ್ತರಗತಿಯ ಬಾಲಿಕೆಯರು ಒಮ್ಮೆ ಒಂದೇ ಬಗೆಯ ಎರಡು ಕ್ಯಾಮರಾಗಳನ್ನು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬಿಗಿದು, ಶಾಲೆಯ ಮೊಗಸಾಲೆಯ ಚಿತ್ರವನ್ನು ತೆಗೆದರು. ಅದನ್ನು ಯಂತ್ರದಲ್ಲಿಟ್ಟು ನೋಡಿದ ಒಬ್ಬ ಹುಡುಗಿಯು, "ಅಮ್ಮನವರೇ, ಕಂಬಗಳು ಮುಂದೆ ಬಂದಂತೆ ಕಾಣುತ್ತವೆ, ಆದರೆ ಕಣ್ಣು ನೋಯುತ್ತದೆ" ಎಂದಳು. ಗಮನವಿಟ್ಟು ನೋಡುವುದಿಲ್ಲವೆಂದು ನಾನು ಅವಳನ್ನು ಗದರಿಸಿದೆನು. ಮರುದಿನ ಎರಡು ಚಿತ್ರಗಳನ್ನೂ ಅಳೆದು ನೋಡಲಾಗಿ, ಅದೇ ಕಂಬವು ಬಲದ ಚಿತ್ರದಲ್ಲಿ ಹೆಚ್ಚು ಎತ್ತರವಾಗಿದ್ದಿತು. ದೋಷವು ಹುಡುಗಿಯಲ್ಲಿರಲಿಲ್ಲ, ಮಸೂರಗಳಲ್ಲಿದ್ದಿತು.

ದೂರದ ವಸ್ತುವಿನ ಬಿಂಬದ ಗಾತ್ರವು ಮಸೂರದ ಸಂಗಮದೂರವನ್ನು ಅನುಸರಿಸುವುದು. ಮಸೂರದ ಅಂಚಿನಲ್ಲಿ ಬರೆದ ಅಂಕಿಯು ಸ್ಥೂಲವಾದ ಲೆಕ್ಕವಷ್ಟೆ. ಎರಡರ ಮೇಲೂ 50 ಎಂದಿದ್ದು, ಒಂದು ನಿಜವಾಗಿ 51 ಮಿಲಿಮೀಟರ್ ಆಗಿದ್ದರೆ, ಮೊದಲನೆಯದರಲ್ಲಿ 20 ಮಿಲಿಮೀಟರ್ ಎತ್ತರವಾಗಿ ಮೂಡುವ ಗೋಪುರವು ಎರಡನೆಯದರಲ್ಲಿ 20.4 ಮಿಲಿಮೀಟರ್ ಆಗುವುದು. ನಡುವೆ ಹೊಂದಿಕೊಂಡ ಬಿಂಬಗಳು ತುದಿಯಲ್ಲಿಯೂ ಬುಡದಲ್ಲಿಯೂ ಹೊಂದಲಾರವು. ನಮ್ಮ ಕಣ್ಣುಗಳು ಒಳಮುಖವಾಗಿ ಸುಲಭವಾಗಿ ತಿರುಗಬಲ್ಲವು. ಒಂದು ತುಸು ಮೇಲಕ್ಕೂ ಇನ್ನೊಂದು ಕೆಳಕ್ಕೂ ತಿರುಗಬೇಕಾದರೆ ಬಳಲುವುವು.

ಈ ತೊಡಕನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರರು ಆಗಲೇ ಅರಿತಿದ್ದರು. ಸಮನಾದ ಎರಡು ಮಸೂರಗಳು ದೊರೆಯುವುದು ಕಷ್ಟವಾದುದರಿಂದ, ಒಂದೇ ಮಸೂರವನ್ನು ಇಬ್ಭಾಗಮಾಡಿ ಆ ಎರಡು ಅರ್ಧಗಳನ್ನು ಜೋಡಿ ಕ್ಯಾಮರಾದಲ್ಲಿ ಉಪಯೋಗಿಸಬಹುದೆಂದು 1849ರಲ್ಲಿ ಸೂಚಿಸಿದರು.

ನೀವು ಮಸೂರವನ್ನು ಕತ್ತರಿಸಬೇಕಾದುದಿಲ್ಲ. ಒಂದೇ ಬಗೆಯ ಹಲವು ಮಸೂರಗಳನ್ನು ಎರವಲು ತಂದು, ಒಂದಾದ ಮೇಲೊಂದನ್ನು ಒಂದೇ ಕ್ಯಾಮರಾಕ್ಕೆ ತೊಡಿಸಿ, ಕ್ಯಾಮರಾವನ್ನು ಕದಲಿಸದೆ ದೂರದ ಇಟ್ಟಿಗೆಯ ಗೋಡೆಯೊಂದರ ಚಿತ್ರವನ್ನು ತೆಗೆಯಿರಿ. ಗೋಡೆಯ ಎರಡು ಗುರುತುಗಳ ನಡುವಣ ಅಂತರವು ಯಾವೆರಡು ಚಿತ್ರಗಳಲ್ಲಿ ಸಮನಾಗಿರುವುದೋ ಅವುಗಳ ಮಸೂರಗಳೇ ತಕ್ಕ ಜೋಡಿ. ಉಳಿದ ಅಲ್ಪ ವ್ಯತ್ಯಾಸವನ್ನು ಈಗ ಕಂಪ್ಯೂಟರಿನಲ್ಲಿ ಚಿತ್ರವನ್ನು ಕುಗ್ಗಿಸಿ ಸರಿಪಡಿಸಬಹುದು.

ನೋಡುವ ಸ್ಥಾನದಲ್ಲಿ ಭೇದವಿರಬೇಕು, ಅಳತೆಯಲ್ಲಿ ಭೇದವಿರಬಾರದು. ಇದೇ ಈ ಪಾಠದ ಸಾರ. ಆ ಹುಡುಗಿಯನ್ನು ಕರೆದು, ತಪ್ಪು ನನ್ನದೆಂದು ತರಗತಿಯ ಮುಂದೆ ಹೇಳಿದೆನು. ತಾಯಂದಿರೇ, ಮಗುವು ಕಣ್ಣು ನೋಯುತ್ತದೆಂದು ಹೇಳಿದಾಗ, ಗದರಿಸುವ ಮೊದಲು ಅದರ ಕೈಗೆ ಕೊಟ್ಟ ಸಾಧನವನ್ನು ಪರೀಕ್ಷಿಸಿರಿ.