ಗಾಯಕ್ಕೆ ಎಂಥ ಪಟ್ಟಿ?

ರೊಟ್ಟಿ ಸುಡುವಾಗ ಕೈ ಸುಡುತ್ತದೆ. ಹುಲ್ಲು ಕೊಯ್ಯುವಾಗ ಕುಡುಗೋಲು ತಾಗುತ್ತದೆ. ಆಗ ನಾವೇನು ಮಾಡ್ತೀವಿ? ಒಬ್ಬರು ಎಣ್ಣೆ ಹಚ್ಚು ಅಂತಾರೆ. ಇನ್ನೊಬ್ಬರು ಸಗಣಿ ಮೆತ್ತು ಅಂತಾರೆ. ಕೈಗೆ ಸಿಕ್ಕ ಹಳೇ ಬಟ್ಟೆ ಹರಿದು ಕಟ್ಟಿ, ಮತ್ತೆ ಕೆಲಸಕ್ಕೆ ಹೋಗ್ತೀವಿ.

ಇದು ಸರಿಯೇ? ಬನ್ನಿ, ತಿಳಿಯೋಣ.

ಚರ್ಮ ನಮ್ಮ ಮೈಗೆ ಬೇಲಿ ಇದ್ದಂತೆ. ಗಾಯ ಆದರೆ ಬೇಲಿ ಮುರಿದ ಹಾಗೆ. ಅಲ್ಲಿಂದ ರೋಗಾಣು ಒಳಗೆ ನುಗ್ಗುತ್ತದೆ. ಮಣ್ಣಲ್ಲಿ, ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಧನುರ್ವಾಯು ಪ್ರಾಣವನ್ನೇ ತೆಗೆಯಬಹುದು. ಅದಕ್ಕೇ ಗಾಯಕ್ಕೆ ಶುದ್ಧವಾದ ಪಟ್ಟಿ ಬೇಕು.

ಗಾಯ ಒಣಗಿದರೆ ಬೇಗ ಮಾಯುತ್ತದೆ ಅಂತ ನಂಬಿದ್ದೆವು. 1962ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾರ್ಜ್ ವಿಂಟರ್ ಹಂದಿಗಳ ಗಾಯ ಪರೀಕ್ಷೆ ಮಾಡಿದರು. ತೇವ ಆರದಂತೆ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಬೇಗ ಬಂತು. ಬೀಜ ಮೊಳೆಯಲು ಹದವಾದ ತೇವ ಬೇಕಲ್ಲವೇ? ಹಾಗೇ ಇದೂ.

ಈಗ ಅಂಥ ಪಟ್ಟಿಗಳು ಬಂದಿವೆ. ಕಡಲ ಪಾಚಿಯಿಂದ ಆಲ್ಜಿನೇಟ್ ಪಟ್ಟಿ ಮಾಡುತ್ತಾರೆ. ಅದು ಗಾಯದ ನೀರು ಹೀರಿ ಲೋಳೆಯಂತೆ ಆಗುತ್ತದೆ. ಸಿಗಡಿ ಚಿಪ್ಪಿನಿಂದ ಕೈಟೋಸಾನ್ ಪಟ್ಟಿ ಮಾಡುತ್ತಾರೆ. ಅದು ರಕ್ತ ನಿಲ್ಲಿಸಲು ನೆರವಾಗುತ್ತದೆ. ಇಂಥ ಪಟ್ಟಿಗಳಿಗೆ ಬೇವಿನ ಎಣ್ಣೆ, ಲವಂಗದ ಎಣ್ಣೆ ಸೇರಿಸಿ ವಿಜ್ಞಾನಿಗಳು ಪರೀಕ್ಷೆ ಮಾಡಿದ್ದಾರೆ. ಈ ಎಣ್ಣೆಗಳಿಗೆ ರೋಗಾಣು ತಡೆಯುವ ಗುಣ ಇದೆ.

"ಹಾಗಾದರೆ ಮನೆಯ ಎಣ್ಣೆಯನ್ನೇ ಹಚ್ಚಬಹುದಲ್ಲ?" ಅಂತ ನೀವು ಕೇಳಬಹುದು. ಬೇಡ ಅಕ್ಕಾ. ಪಟ್ಟಿಗೆ ಎಣ್ಣೆಯನ್ನು ಅಳೆದು ಹಾಕುತ್ತಾರೆ. ಪಟ್ಟಿಯಲ್ಲಿ ರೋಗಾಣು ಉಳಿಯದಂತೆ ಶುದ್ಧ ಮಾಡುತ್ತಾರೆ. ನಮ್ಮ ಡಬ್ಬಿಯ ಎಣ್ಣೆ ಹಾಗಲ್ಲ. ಸುಟ್ಟ ಕೂಡಲೇ ಎಣ್ಣೆ ಹಚ್ಚಿದರೆ ಕಾವು ಒಳಗೇ ಉಳಿಯುತ್ತದೆ.

ಮತ್ತೆ ಏನು ಮಾಡೋಣ?

ಸುಟ್ಟರೆ: ಬಳೆ, ಉಂಗುರ ಬೇಗ ತೆಗೆಯೋಣ. 20 ನಿಮಿಷ ತಣ್ಣೀರು ಹರಿಸೋಣ. ಬೊಬ್ಬೆ ಒಡೆಯಬಾರದು.

ಕೊಯ್ದರೆ: ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯೋಣ. ರಕ್ತ ನಿಂತ ಮೇಲೆ ಶುದ್ಧ ನೀರಿನಲ್ಲಿ ತೊಳೆಯೋಣ. ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆ ಕಟ್ಟೋಣ.

ಗಾಯ ದೊಡ್ಡದಾದರೆ, ಆಳವಾದರೆ, ಕೀವು ಬಂದರೆ ತಡ ಮಾಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳೋಣ. ಸಕ್ಕರೆ ಕಾಯಿಲೆ ಇದ್ದವರು ಕಾಲಿನ ಸಣ್ಣ ಗಾಯವನ್ನೂ ತೋರಿಸಬೇಕು.

ಮನೆಯವರ ಗಾಯಕ್ಕೆ ನಾವು ಓಡಾಡ್ತೀವಿ. ನಮ್ಮ ಗಾಯವೂ ಗಾಯವೇ.

ಮಾತಾಡೋಣ: ನಮ್ಮ ಊರಲ್ಲಿ ಗಾಯಕ್ಕೆ ಏನೇನು ಹಚ್ಚುತ್ತಾರೆ? ಅದರಲ್ಲಿ ಯಾವುದನ್ನು ಬಿಡಬೇಕು?

ಬರೆಯೋಣ: ಗಾಯ, ಪಟ್ಟಿ, ತಣ್ಣೀರು, ಚುಚ್ಚುಮದ್ದು.